ಈಸಾ ಟೌನಿನ ಅಂಗಳಕ್ಕೆ ನಾನು ಹಾಕಿಸಿದ ಶೀಟು

ಮುಹರಕ್, ವಿಮಾನ ನಿಲ್ದಾಣ

ಮೊದಲೇ ಹೇಳಿಬಿಡುತ್ತೇನೆ, ನಾನು ಬಹರೈನ್ ನೋಡಲಿಕ್ಕೆ ಹೋದವಳಲ್ಲ. ಮಗಳ ಬಾಣಂತನಕ್ಕೆ ಹೋದವಳು. ಕೋಟೆ, ಮ್ಯೂಸಿಯಂ, ಮುತ್ತಿನ ಅಂಗಡಿಗಳ ವರ್ಣನೆ ಬೇಕಾದವರು ಬೇರೆ ಯಾರನ್ನಾದರೂ ಕೇಳಿ. ನಾನು ಸರಿಯಾಗಿ ಕಂಡದ್ದು ಒಂದು ಮನೆ, ಒಂದು ಓಣಿ ಮತ್ತು ಜುಲೈ ತಿಂಗಳ ಸೆಖೆ. ಸೆಖೆಯ ಬಗ್ಗೆ ಮಾತ್ರ ನನ್ನಷ್ಟು ಅಧಿಕಾರದಿಂದ ಮಾತಾಡುವವರು ಕಡಿಮೆ. ಯಾಕೆಂದರೆ ಆ ಮನೆಯ ಸೆಖೆಯಲ್ಲಿ ಅರ್ಧವನ್ನು ಊರಿನಿಂದ ಫೋನಿನಲ್ಲಿ ಕಳಿಸಿಕೊಟ್ಟವಳು ನಾನೇ. ಅದು ನನಗೆ ಗೊತ್ತಾದದ್ದು ಆಮೇಲೆ.

ಕಾಪು ಹತ್ತಿರದ ಒಂದು ಸಣ್ಣ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಜೀವಮಾನ ಕಳೆದು ನಿವೃತ್ತಳಾದವಳು ನಾನು. ಊರಿಗೆಲ್ಲ "ಪೋಸ್ಟಿನಕ್ಕ". ಫಾರಂ ತಪ್ಪು ತುಂಬಿದವರನ್ನು ಗದರಿಸಿ ಗದರಿಸಿ ಬಾಯಿ ಸ್ವಲ್ಪ ಜೋರಾಗಿದೆ ಎಂದು ನಮ್ಮ ಯಜಮಾನರ ದೂರು. ಅವರಿಗೆ ವಿಮಾನವೆಂದರೆ ಆಗದು. ನಾಯಿಗೆ ಅನ್ನ ಹಾಕುವವರು ಬೇಕಲ್ಲ ಎಂದು ನೆವ ಹೇಳಿ ಮನೆಯಲ್ಲೇ ಉಳಿದರು. ಮಗಳು ದೀಪ್ತಿಗೆ ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ಹೆರಿಗೆಯಾಗಿ, ನಾನು ಅಲ್ಲಿಗೆ ತಲುಪುವಾಗ ಮೊಮ್ಮಗಳಿಗೆ ಆರು ದಿನ.

ನನ್ನ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ತೆಂಗಿನೆಣ್ಣೆ, ಕರಿಮೆಣಸು, ಎರಡು ಬಾಟಲಿ ಬಾಣಂತಿ ಲೇಹ್ಯ. ಲೇಹ್ಯ ನೋಡಲಿಕ್ಕೆ ರಸ್ತೆಗೆ ಹಾಕುವ ಡಾಮರು, ಪರಿಮಳ ಅದಕ್ಕಿಂತ ಜಾಸ್ತಿ. ಕಸ್ಟಮ್ಸಿನವನು ಮುಚ್ಚಳ ತೆಗೆದು ಮೂಸಿ, ಪಕ್ಕದವನನ್ನು ಕರೆದ. ಅವನೂ ಮೂಸಿದ. ನನ್ನ ಇಂಗ್ಲಿಷು ಮುಗಿಯಿತು, ಹಿಂದಿಯೂ ಮುಗಿಯಿತು. ಕೊನೆಗೆ ಎರಡೂ ಕೈ ಸೇರಿಸಿ ತೊಟ್ಟಿಲು ತೂಗಿ ತೋರಿಸಿದೆ, ಹೊಟ್ಟೆ ಹಿಡಿದು ನರಳಿ ತೋರಿಸಿದೆ, ಬಾಟಲಿಯಿಂದ ಒಂದು ಚಮಚ ತಿಂದಂತೆ ಮಾಡಿದೆ. ಎರಡನೆಯವನ ಮುಖ ಅರಳಿತು. "ಮಬ್ರೂಕ್, ಮಬ್ರೂಕ್!" ಎಂದ. ಅಭಿನಂದನೆ ಎಂದು ಅರ್ಥವಂತೆ. ಬಾಟಲಿಯ ಮುಚ್ಚಳ ಗಟ್ಟಿ ಮಾಡಿ, ಬಟ್ಟೆಯಲ್ಲಿ ಸುತ್ತಿ ಅವನೇ ಪೆಟ್ಟಿಗೆಯೊಳಗೆ ಇಟ್ಟ.

ಬಾಗಿಲು ದಾಟಿ ಹೊರಗೆ ಕಾಲಿಟ್ಟದ್ದೇ ತಡ, ಕನ್ನಡಕ ಪೂರ್ತಿ ಮಂಜು. ಅಡಿಗೆಮನೆಯಲ್ಲಿ ಇಡ್ಲಿ ಅಟ್ಟದ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುತ್ತದಲ್ಲ, ಅಂಥ ಹಬೆ. ಕಣ್ಣು ಕಾಣದೆ, ಎದುರು ಬಂದವರ ಕೈಗೆ ಬ್ಯಾಗು ಕೊಟ್ಟು "ಹೇಗಿದ್ದೀರಿ ಪ್ರಶಾಂತ್, ಸ್ವಲ್ಪ ದಪ್ಪ ಆಗಿದ್ದೀರಿ" ಎಂದೆ. ಕನ್ನಡಕ ಒರೆಸಿ ನೋಡಿದರೆ ಬಿಳಿ ನಿಲುವಂಗಿಯ ಯಾರೋ ಹಿರಿಯರು, ನನ್ನ ಬ್ಯಾಗು ಹಿಡಿದು ಪಾಪದಂತೆ ನಿಂತಿದ್ದಾರೆ. ನಿಜವಾದ ಅಳಿಯ ಪ್ರಶಾಂತ್ ಹಿಂದಿನಿಂದ ಓಡಿಬಂದು ಕ್ಷಮೆ ಕೇಳಿದರು.

ಈಸಾ ಟೌನ್, ಮೊದಲ ದಿನ

ಟೌನ್ ಎಂದರೆ ಪೇಟೆ ಎಂದುಕೊಂಡಿದ್ದೆ. ಪೇಟೆಯಲ್ಲ. ಅರುವತ್ತರ ದಶಕದಲ್ಲಿ ಸರಕಾರ ಕಾಗದದ ಮೇಲೆ ಗೆರೆ ಎಳೆದು ಕಟ್ಟಿಸಿದ ಮನೆಗಳ ಊರು, ನಮ್ಮ ಹೌಸಿಂಗ್ ಬೋರ್ಡ್ ಕಾಲನಿಯ ದೊಡ್ಡಣ್ಣ. ಈಗ ಸುತ್ತಮುತ್ತ ಶಾಲೆಗಳು ತುಂಬಿವೆ. ರಜೆಯ ಸಮಯವಾದ್ದರಿಂದ ಶಾಲಾ ಬಸ್ಸುಗಳೆಲ್ಲ ಬಿಸಿಲಲ್ಲಿ ಸಾಲಾಗಿ ನಿಂತು ಕಾಯುತ್ತಿದ್ದವು. ದೀಪ್ತಿ ಟೀಚರಾಗಿರುವ ಶಾಲೆಗೆ ಮನೆಯಿಂದ ನಡೆದೇ ಹೋಗಬಹುದು.

ಮನೆ ಉಮ್ಮ್ ಜಾಸಿಂ ಅವರದ್ದು. ಉಮ್ಮ್ ಎಂದರೆ ಅಮ್ಮ. ಅಲ್ಲಿ ಹೆಂಗಸರನ್ನು ಹಿರಿಮಗುವಿನ ಹೆಸರು ಸೇರಿಸಿ ಕರೆಯುತ್ತಾರೆ, ನಾವು "ದೀಪ್ತಿಯ ಅಮ್ಮ" ಅನ್ನುವುದಿಲ್ಲವೇ, ಹಾಗೆ. ಈ ಊರು ಕಟ್ಟಿದ ಹೊಸತರಲ್ಲಿ ಮದುಮಗಳಾಗಿ ಬಂದು ಇದೇ ಮನೆಯ ಬೀಗದ ಕೈ ಹಿಡಿದವರಂತೆ. ಈಗ ಒಂಟಿ ಮುದುಕಿ, ಆದರೆ ಒಂಟಿ ಎಂದು ಒಂದು ಗಳಿಗೆಯೂ ಅನ್ನಿಸಗೊಡದವರು. ಎದುರಿನ ಎರಡು ಕೋಣೆ ಅವರಿಗೆ, ಹಿಂದಿನ ಎರಡು ಕೋಣೆ ಮತ್ತು ಅಡಿಗೆಮನೆ ದೀಪ್ತಿಯವರಿಗೆ. ನಡುವೆ ಇಬ್ಬರಿಗೂ ಸೇರಿದ ಒಳ ಅಂಗಳ. ಅದಕ್ಕೆ ಹೋಶ್ ಎನ್ನುತ್ತಾರೆ.

ಈ ಹೋಶಿನ ವಿಷಯ ಸ್ವಲ್ಪ ಹೇಳಬೇಕು. ಎರಡೂವರೆ ವರ್ಷದ ಹಿಂದೆ ಮನೆ ಹಿಡಿದಾಗ ದೀಪ್ತಿ ವಿಡಿಯೋ ಕಾಲಿನಲ್ಲಿ ಮನೆ ತೋರಿಸಿದಳು. ಮನೆಯ ನಟ್ಟನಡುವೆ ಆಕಾಶ! ನನ್ನ ಎದೆ ಧಸಕ್ಕೆಂದಿತು.

"ಮಳೆ ಬಂದರೆ ಎಂತ ಮಾಡ್ತಿ?" ಎಂದೆ.

"ಇಲ್ಲಿ ಮಳೆ ಬರುವುದಿಲ್ಲ ಅಮ್ಮ."

"ಮಳೆ ಬಾರದ ಊರು ಎಲ್ಲಾದರೂ ಉಂಟಾ? ಬಾಯಿಗೆ ಬಂದದ್ದು ಹೇಳ್ಬೇಡ."

ನಮ್ಮ ಕಡೆಯವರಿಗೆ ಇದು ಗೊತ್ತು. ಟೆರೇಸ್ ಮನೆ ಕಟ್ಟಿಸಿ ಗೃಹಪ್ರವೇಶ ಮುಗಿಸಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿಯ ಮೇಲೆ ಒಂದು ಶೀಟು ಬರಲೇಬೇಕು. ಶೀಟು ಹಾಕಿಸದ ಮನೆಗೆ ಸೋರದ ಗೋಡೆ ಇಲ್ಲ. ಅಂಗಳಕ್ಕೆ ಶೀಟು, ಬಾವಿಕಟ್ಟೆಗೆ ಶೀಟು, ಬೈಕಿಗೊಂದು ಶೀಟು. ಆ ಚಳಿಗಾಲದಲ್ಲಿ ಬಹರೈನಿನಲ್ಲಿ ಒಂದು ಮಳೆ ಬಂದೇಬಂತು, ಹೋಶಿನ ನೀರು ಕೋಣೆಯೊಳಗೆ ಬಂತು. ನಾನು ಬಿಡುತ್ತೇನಾ? ಬೆಳಗ್ಗೆ ಸಂಜೆ ಫೋನು ಮಾಡಿ "ಶೀಟು ಹಾಕಿಸಿದಿರಾ, ಶೀಟು ಹಾಕಿಸಿದಿರಾ" ಎಂದು ಜಪ ಮಾಡಿದೆ. ಹದಿನೈದು ದಿನದಲ್ಲಿ ಪ್ರಶಾಂತ್ ಹಾಕಿಸಿದರು.

ಹಾಗಾಗಿ ಅಲ್ಲಿಗೆ ಮುಟ್ಟಿದ ಕೂಡಲೇ, ಮೊಮ್ಮಗಳ ಮುಖ ನೋಡಿ ಆದ ಮೇಲೆ ನಾನು ನೋಡಿದ್ದು ಆ ಶೀಟನ್ನು. ನೀಲಿ ಬಣ್ಣದ ತಗಡು, ಗೋಡೆಯಿಂದ ಗೋಡೆಗೆ ಒಂದು ಸೂಜಿ ಹೋಗುವಷ್ಟೂ ಸಂದು ಇಲ್ಲದ ಹಾಗೆ ಕೂರಿಸಿದ್ದಾರೆ.

"ಶಹಬ್ಬಾಸ್ ಪ್ರಶಾಂತ್, ಒಳ್ಳೆ ಕೆಲಸ!" ಎಂದೆ.

"ನೀವು ಹೇಳಿದ ಮೇಲೆ ಅತ್ತೆ..." ಎಂದು ಅವರು ನೆಲ ನೋಡಿದರು. ಎಷ್ಟು ವಿನಯ ನೋಡಿ ಎಂದು ನಾನು ಉಬ್ಬಿದೆ.

ಅದೇ ದಿನ ಕೈ ಸುಟ್ಟುಕೊಂಡೆ. ಮುಖ ತೊಳೆಯಲಿಕ್ಕೆ ತಣ್ಣೀರಿನ ನಳ್ಳಿ ತಿರುಗಿಸಿದರೆ ಬಂದದ್ದು ಕುದಿನೀರು. ತಾರಸಿಯ ಟ್ಯಾಂಕಿಯಲ್ಲಿ ಸೂರ್ಯನೇ ಕಾಯಿಸಿಟ್ಟದ್ದು. ಬಾಣಂತಿ ಸ್ನಾನಕ್ಕೆ ನೀರು ಕಾಯಲಿ ಎಂದು ನಾನು ಅಷ್ಟರಲ್ಲೇ ಗೀಸರಿನ ಸ್ವಿಚ್ಚನ್ನೂ ಒತ್ತಿ ಬಂದಿದ್ದೆ. ದೀಪ್ತಿ ಕೋಣೆಯಿಂದ ಕೂಗಿದಳು, "ಅಯ್ಯೋ ದೇವೆರೆ, ಅಮ್ಮಾ, ಗೀಸರ್ ಹಾಕ್ಬೇಡ! ನಮ್ಮ ತಣ್ಣೀರು ಇರುವುದೇ ಅದರೊಳಗೆ!" ಅಲ್ಲಿ ಬೇಸಿಗೆಯಲ್ಲಿ ಗೀಸರ್ ಆಫ್ ಮಾಡಿಟ್ಟು, ಕೋಣೆಯೊಳಗೆ ತಣ್ಣಗಿರುವ ಅದರ ನೀರನ್ನು ತಣ್ಣೀರೆಂದು ಬಳಸುತ್ತಾರೆ. ಬಿಸಿನೀರಿನ ನಳ್ಳಿಯಲ್ಲಿ ತಣ್ಣೀರು, ತಣ್ಣೀರಿನ ನಳ್ಳಿಯಲ್ಲಿ ಬಿಸಿನೀರು. ಆ ದಿನ ಮನೆಮಂದಿಯೆಲ್ಲ ನನ್ನ ದೆಸೆಯಿಂದ ಬಿಸಿನೀರಿನಲ್ಲೇ ಮಿಂದರು.

ಒಂಬತ್ತನೇ ದಿನ

ಬಾಣಂತಿಗೆ ಗಾಳಿ ತಾಗಬಾರದು. ನನ್ನ ಅಮ್ಮ ನನಗೆ ಹೇಳಿದ್ದು, ಅವರ ಅಮ್ಮ ಅವರಿಗೆ ಹೇಳಿದ್ದು. ಅವರೆಲ್ಲ ಅದನ್ನು ಹೇಳಿದ್ದು ಆಟಿ ತಿಂಗಳ, ಅಂದರೆ ಆಷಾಢದ, ಮಳೆ ಹೊಡೆಯುವ ಊರಿನಲ್ಲಿ ಎನ್ನುವುದು ನನಗೆ ಹೊಳೆಯಲಿಲ್ಲ. ದೀಪ್ತಿಯ ಕಿವಿಗೆ ಹತ್ತಿ ತುರುಕಿದೆ, ತಲೆಗೆ ಸ್ಕಾರ್ಫು ಕಟ್ಟಿದೆ. ಮಗುವಿಗೆ ಟೊಪ್ಪಿ, ಕೈಗವಸು, ಕಾಲುಚೀಲ. ಎ.ಸಿ.ಯ ರಿಮೋಟನ್ನು ನನ್ನ ಬ್ಯಾಗಿನಲ್ಲಿ ಹಾಕಿ ಜಿಪ್ಪು ಎಳೆದೆ.

ಉಮ್ಮ್ ಜಾಸಿಂ ದಿನಾ ಮೆಂತೆ ಹಾಕಿದ ಗಂಜಿ ಮಾಡಿ ತರುತ್ತಿದ್ದರು. ಅವರಲ್ಲೂ ಬಾಣಂತನ ನಲ್ವತ್ತು ದಿನವೇ. ನನಗೆ ಆನೆಬಲ ಬಂತು. ಅವರ ಹಿಂದಿ ಹಳೆಯ ಅಂಗಡಿ ಬೀದಿಯಲ್ಲಿ ಕಲಿತದ್ದು, ನನ್ನದು ಪೋಸ್ಟಲ್ ಟ್ರೈನಿಂಗಿನಲ್ಲಿ ಕಲಿತದ್ದು, ಎರಡೂ ಸೇರಿದಾಗ ದೀಪ್ತಿ ದಿಂಬಿನಲ್ಲಿ ಮುಖ ಮುಚ್ಚಿ ನಗುತ್ತಿದ್ದಳು. ಆದರೆ ಆ ಮುದುಕಿಯೂ ಒಂದು ದಿನ ಮಗುವನ್ನು ಎತ್ತಿಕೊಂಡವರೇ ಹುಬ್ಬೇರಿಸಿದರು. "ಉಮ್ಮ್ ದೀಪ್ತಿ, ಇದು ಮಗುವಾ, ಈಗಷ್ಟೇ ಭಟ್ಟಿಯಿಂದ ತೆಗೆದ ರೊಟ್ಟಿಯಾ?"

ಮರುದಿನ, ನಾನು ಬಂದ ಒಂಬತ್ತನೇ ದಿನ, ಮಗುವಿನ ಕತ್ತು, ಬೆನ್ನೆಲ್ಲ ಬೆವರುಸಾಲೆ. ಕೆಂಪು ಸಾಸಿವೆ ಚೆಲ್ಲಿದ ಹಾಗೆ. ಕ್ಲಿನಿಕ್ಕಿಗೆ ಓಡಿದೆವು. ಮಲಯಾಳಿ ನರ್ಸಮ್ಮ ಟೊಪ್ಪಿ, ಗವಸು, ಚೀಲ ಒಂದೊಂದಾಗಿ ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು. "ತೆಳು ಹತ್ತಿ ಅಂಗಿ ಒಂದು, ತಂಪು ಕೋಣೆ ಒಂದು. ಮತ್ತೇನೂ ಬೇಡ" ಎಂದಳು. ನನಗೆ ಅಳುವೇ ಬಂತು. ಮನೆಗೆ ಬಂದವಳೇ ರಿಮೋಟು ತೆಗೆದು ಮಗಳ ಕೈಗೆ ಕೊಟ್ಟೆ.

ರಿಮೋಟು ಕೊಟ್ಟರೇನು, ಎ.ಸಿ. ಬೇಕಲ್ಲ! ಮಧ್ಯಾಹ್ನ ಎರಡು ಗಂಟೆಯಾಯಿತೆಂದರೆ ಟಪ್ಪೆಂದು ಟ್ರಿಪ್ ಆಗಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಹಾಕಿದರೆ ಹತ್ತು ನಿಮಿಷ ಓಡಿ ಮತ್ತೆ ಟಪ್. ಕೋಣೆಯ ಬಾಗಿಲು ತೆರೆದರೆ ಹೋಶಿನ ಕಾವು ಒಳಗೆ ನುಗ್ಗುತ್ತದೆ. ನಮ್ಮೂರಿನ ಗೇರುಬೀಜದ ಫ್ಯಾಕ್ಟರಿಯಲ್ಲಿ ಹುರಿಯುವ ಕಡೆ ಹೋಗಿ ನಿಂತ ಹಾಗೆ. ದಿನಾ ಮಧ್ಯಾಹ್ನ ತೊಟ್ಟಿಲು ಎತ್ತಿಕೊಂಡು ಉಮ್ಮ್ ಜಾಸಿಂ ಅವರ ಕೋಣೆಗೆ ವಲಸೆ. ಅವರ ಹಳೇ ಎ.ಸಿ. ಓಣಿಯ ಕಡೆಗಿತ್ತು, ಅದು ಗೊರಗೊರ ಎನ್ನುತ್ತಾ ನಿಲ್ಲದೆ ಓಡುತ್ತಿತ್ತು.

ಪ್ರಶಾಂತರಿಗೆ ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಆಫೀಸಿನಲ್ಲಿ ಕೆಲಸ. ಮೃದು ಮನುಷ್ಯ. ಒಂದು ಸಂಜೆ ಬಂದವರೇ, "ಇನ್ನು ಸಾಕು. ಸೆಗಯಾ ಪೇಟೆಯಲ್ಲಿ ಒಂದು ಫ್ಲ್ಯಾಟ್ ಉಂಟು. ಶನಿವಾರ ಸಂಜೆಯೊಳಗೆ ಏಜೆಂಟರಿಗೆ ಮಾತು ಕೊಡಬೇಕು" ಎಂದರು. ದೀಪ್ತಿ ಗೋಡೆಯ ಕಡೆ ತಿರುಗಿ ಮಲಗಿದಳು.

ಸೆಗಯಾ

ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ನಾನೂ ಪ್ರಶಾಂತರೂ ಫ್ಲ್ಯಾಟು ನೋಡಲಿಕ್ಕೆ ಹೋದೆವು. ಸೆಗಯಾ ನನಗೆ ಹಿಡಿಸಿತು. ಟೈಲರ್ ಅಂಗಡಿ, ಸೆಲೂನು, ಮೊಬೈಲ್ ರಿಪೇರಿ, ಎಲ್ಲೋ ಒಗ್ಗರಣೆಯ ಪರಿಮಳ. ಒಂದು ಸಣ್ಣ ಹೋಟೆಲಿನಲ್ಲಿ ಗೋಳಿಬಜೆ ಸಿಕ್ಕಿತು. ಮಾಣಿ ನನ್ನ ಸೆರಗು ನೋಡಿಯೇ "ಎಲ್ಲಿಯಾಯ್ತಮ್ಮ, ಉಡುಪಿ ಕಡೆಯಾ?" ಎಂದು ಚಟ್ನಿ ಎರಡು ಸಲ ಬಡಿಸಿದ.

ಫ್ಲ್ಯಾಟು ನಾಲ್ಕನೇ ಮಾಳಿಗೆ. ಒಳಗೆ ಹೋದರೆ ಥಂಡಾಥಂಡಿ, ಹೊಸ ಬಣ್ಣದ ವಾಸನೆ. ಇದಪ್ಪಾ ಬಾಣಂತಿ ಕೋಣೆ ಎಂದುಕೊಂಡು ಕಿಟಕಿ ತೆರೆದೆ. ಬಿಸಿಗಾಳಿ ರಪ್ಪೆಂದು ಮುಖಕ್ಕೆ ಹೊಡೆಯಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ, ಗೋಡೆ ತುಂಬಾ ಎ.ಸಿ.ಗಳ ಹಿಂಭಾಗ.

"ಕಿಟಕಿ ತೆರೆಯುವುದೇ ಬೇಡ ಅಮ್ಮ" ಎಂದರು ಏಜೆಂಟರು, ಬಹಳ ಮರ್ಯಾದೆಯಿಂದ.

ಆದರೂ ಮನೆಗೆ ಬಂದು ದೀಪ್ತಿಗೆ, "ಒಳ್ಳೆದುಂಟು. ಹೋಗುವ. ಮಗುವಿನ ಮೈ ನೋಡು" ಎಂದೆ.

ಅವಳ ಕಣ್ಣು ತುಂಬಿತು. "ನೀನು ನಲ್ವತ್ತು ದಿನ ಆದ ಮೇಲೆ ಊರಿಗೆ ಹೋಗ್ತಿ ಅಮ್ಮ. ಶಾಲೆ ಶುರುವಾದ ಮೇಲೆ ಮಗುವನ್ನು ಉಮ್ಮ್ ಜಾಸಿಂ ನೋಡಿಕೊಳ್ತಾರೆ, ಮಧ್ಯದಲ್ಲಿ ನಾನು ನಡೆದು ಬಂದು ಹಾಲು ಕೊಟ್ಟು ಹೋಗ್ತೇನೆ. ಹೀಗೆಂದು ಮಾತಾಗಿತ್ತು. ಸೆಗಯಾಕ್ಕೆ ಹೋದರೆ ಯಾರ ಹತ್ರ ಬಿಡಲಿ? ಕೆಲಸ ಬಿಡ್ಬೇಕಾಗ್ತದೆ. ಆ ಕೆಲಸಕ್ಕೆ ನಾನು ಎಷ್ಟು ಕಷ್ಟಪಟ್ಟಿದ್ದೇನೆ ಅಂತ ನಿನಗೆ ಗೊತ್ತುಂಟಲ್ಲ."

ಗೊತ್ತುಂಟು. ಹೆಣ್ಣುಮಕ್ಕಳಿಗೆ ಸ್ವಂತ ಸಂಬಳ ಬೇಕು ಎಂದು ಅವಳ ಕಿವಿ ತೂತಾಗುವಷ್ಟು ಹೇಳಿದವಳು ನಾನೇ. ಆದರೆ ಕೆಂಪು ಬೆನ್ನಿನ ಆ ಪುಟ್ಟ ಜೀವವನ್ನು ನೋಡಿದರೆ ಬೇರೆ ದಾರಿ ಕಾಣುತ್ತಿರಲಿಲ್ಲ. ಆ ಸಂಜೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಓಣಿ

ಉಮ್ಮ್ ಜಾಸಿಂ ಬೆಳಗ್ಗೆ ಬಿಸಿಲೇರುವ ಮೊದಲು ಓಣಿಯಲ್ಲಿ ಒಂದು ಸುತ್ತು ನಡೆಯುವವರು. ಅವರ ಜೊತೆ ನಾನೂ ಹೊರಡುತ್ತಿದ್ದೆ. ಹಳೆಯ ಮನೆಗಳು ತಗ್ಗಿನವು, ಗೋಡೆ ದಪ್ಪ. ಓಣಿ ಎಷ್ಟು ಕಿರಿದೆಂದರೆ ಒಂದು ಮನೆಯ ನೆರಳು ಇನ್ನೊಂದು ಮನೆಯ ಗೋಡೆಗೆ ಬೀಳುತ್ತದೆ. ಅದು ಜಾಗವಿಲ್ಲದೆ ಮಾಡಿದ್ದಲ್ಲ, ಬೇಕೆಂದೇ ಮಾಡಿದ್ದು ಎಂದು ಅವರು ಹೇಳಿದರು. ಈಗ ಹೆಚ್ಚಿನವರು ಮೇಲೆ ಮಾಳಿಗೆ ಎಬ್ಬಿಸಿದ್ದಾರೆ, ಹೋಶ್ ಮುಚ್ಚಿ ಹಾಲ್ ಮಾಡಿದ್ದಾರೆ. ಮಕ್ಕಳು ಹೆಚ್ಚಾದರು, ಕಾರು ಹೆಚ್ಚಾದವು, ಯಾರನ್ನು ದೂರುವುದು ಎಂದು ಕೈ ತಿರುಗಿಸಿದರು.

"ಮೊದಲು ಬಿಸಿಲಿನ ಜೊತೆ ನಾವು ಮನೆಯೊಳಗೆ ಸುತ್ತುತ್ತಿದ್ದೆವು. ಬೆಳಗ್ಗೆ ಒಂದು ಕೋಣೆ, ಮಧ್ಯಾಹ್ನ ಇನ್ನೊಂದು, ಸಂಜೆ ಹೋಶ್. ಈಗ ಎಲ್ಲರೂ ಒಂದೇ ಕೋಣೆಯಲ್ಲಿ, ಬಾಗಿಲು ಹಾಕಿ" ಎಂದರು.

ಹಾಗೆಂದು ಹಳೆಯದೇ ಚಿನ್ನ ಎನ್ನುವವರಲ್ಲ ಅವರು. ಎ.ಸಿ. ಕಂಡುಹಿಡಿದವನಿಗೆ ಸ್ವರ್ಗ ಸಿಗಲಿ ಎಂದು ದಿನಾ ಹರಸುತ್ತಿದ್ದರು. ಆಗೆಲ್ಲ ಸುಹೈಲ್ ಎಂಬ ನಕ್ಷತ್ರ ಕಾಣಿಸಿಕೊಂಡರೆ ಸೆಖೆ ಇಳಿಯಿತು ಎಂದೇ ಲೆಕ್ಕ, ಈಗ ನಕ್ಷತ್ರ ಬರುತ್ತದೆ, ಸೆಖೆ ಮಾತ್ರ ಹೋಗುವುದಿಲ್ಲ ಎಂದರು. ನಮ್ಮಲ್ಲೂ ಹಾಗೆಯೇ, ಮಳೆನಕ್ಷತ್ರಗಳು ಪಂಚಾಂಗದಲ್ಲಿ ಮಾತ್ರ ಸರಿಯಾಗಿ ಬರುತ್ತವೆ ಎಂದೆ. ಇಬ್ಬರೂ ನಮ್ಮ ನಮ್ಮ ಆಕಾಶವನ್ನು ಬೈದುಕೊಂಡು ಮನೆಗೆ ಬಂದೆವು.

ಮೆಕ್ಯಾನಿಕ್ ಬಂದ ದಿನ

ಫ್ಲ್ಯಾಟು ನೋಡಿಬಂದ ಮರುದಿನವೇ ಶನಿವಾರ. ಕೊನೆಯದಾಗಿ ಒಮ್ಮೆ ತೋರಿಸುವ ಎಂದು ಪ್ರಶಾಂತ್ ಮೆಕ್ಯಾನಿಕ್ಕಿಗೆ ಫೋನು ಮಾಡಿ, ಯಾವುದೋ ತುರ್ತು ಲೆಕ್ಕಪತ್ರಕ್ಕೆಂದು ಆಫೀಸಿಗೆ ಹೋಗಿದ್ದರು. ದೀಪ್ತಿ, ಮಗು ಮಲಗಿದ್ದರು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು, ಬೆಲ್ಲಾಯಿತು. ಓಡಿಹೋಗಿ ಬಾಗಿಲು ತೆರೆದೆ. ಏಣಿ ಹಿಡಿದ ನಡುವಯಸ್ಸಿನ ಮನುಷ್ಯ, ಹೆಸರು ಶೇಖರ, ಕುಂದಾಪುರದ ಕಡೆಯವರು. ನನ್ನನ್ನು ನೋಡಿ "ಪ್ರಶಾಂತಣ್ಣನ ಅಮ್ಮ ಅಲ್ದಾ?" ಎಂದರು. ನನ್ನ ಕಿವಿಯೆಲ್ಲ ಹಾಲಿನ ಕಡೆ. ಹ್ಞೂಂ ಎಂದು ಒಳಗೆ ಓಡಿದೆ.

ಹಾಲು ಇಳಿಸಿ ಚಾ ಮಾಡಿ ತಂದೆ. ಶೇಖರ ಹೋಶಿನಲ್ಲಿ ಏಣಿ ಹಾಕಿ, ಗೋಡೆಗೆ ಕೂರಿಸಿದ ಎ.ಸಿ.ಯ ಹೊರಪೆಟ್ಟಿಗೆಯ ಮುಂದೆ ಕೈ ಹಿಡಿದು ನಿಂತಿದ್ದರು.

"ಹ್ವಾಯ್ ಅಮ್ಮ, ಇಲ್ ಕಾಣಿ. ಈ ಪೆಟ್ಗಿ ಕೆಲ್ಸ ಎಂತ? ಕೋಣೆ ಬಿಸಿಯೆಲ್ಲ ತಂದು ಹೊರಗೆ ಉಗುಳುದು. ಉಗುಳಿದ್ದ್ ಎಲ್ಲಿಗೆ ಹೋಯ್ಕ್? ಮೇಲೆ ತಗಡು, ಸುತ್ತ ಗೋಡೆ. ತಾನ್ ಉಗುಳಿದ್ದನ್ನೇ ತಾನ್ ಕುಡೀತಾ ಇತ್ತ್. ಸಾಯ್ದೆ ಇನ್ನೆಂತ ಮಾಡ್ತ್?"

"ಗ್ಯಾಸ್ ಹಾಕಿದರೆ ಆಗುವುದಿಲ್ಲವಾ?" ಎಂದೆ.

"ಮೂರ್ ಸಲ ಹಾಕಿದೆ. ಎ.ಸಿ. ತಪ್ಪಲ್ಲ, ಶೀಟಿನ ತಪ್ಪು. ಹೋದ ವರ್ಷವೇ ಪ್ರಶಾಂತಣ್ಣನಿಗೆ ಹೇಳಿದ್ದೆ, ಈ ಶೀಟು ತೆಗೆಸಿ, ಹೋಶಿಗೆ ಉಸಿರಾಡ್ಲಿಕ್ಕೆ ಬಿಡಿ ಅಂತ."

"ಅವರು ಎಂತ ಹೇಳಿದರು?"

ಶೇಖರ ಚಾ ಗುಟುಕರಿಸಿ ದನಿ ತಗ್ಗಿಸಿದರು. "ಅದ್ ಅವರ ಅತ್ತೆ ಹಾಕಿಸಿದ್ದಂಬ್ರ್. ಊರಗೆ ಕೂಕಂಡ್ ದಿನಾ ಫೋನು ಮಾಡಿ ತಲೆ ತಿಂದ್ರಂಬ್ರ್. ತೆಗೆದ್ರೆ ಅವರಿಗೆ ಬೇಜಾರಾಗ್ತದೆ ಅಂತ ಬಿಟ್ಟಿದ್ದಾರೆ. ನಿಮ್ಮ ಮಗ ಭಾರಿ ಒಳ್ಳೆ ಜನ ಅಮ್ಮ, ಬಾಯಿ ಇಲ್ಲೆ. ಆ ಅತ್ತೆಗೆ ಹೇಳುವವರು ಯಾರೂ ಇಲ್ಯಾ?"

ನಾನು ತಲೆ ಎತ್ತಿ ಆ ನೀಲಿ ತಗಡನ್ನು ನೋಡಿದೆ. ಏನು ಹೇಳಲಿ? "ಇದ್ದಾರೆ. ನಾನು ಹೇಳ್ತೇನೆ" ಎಂದೆ.

"ಹೇಳಿ ಅಮ್ಮ, ಸ್ವಲ್ಪ ಗಟ್ಟಿಯಾಗಿ ಹೇಳಿ. ಅಂಥವರಿಗೆ ಮೆಲ್ಲ ಹೇಳಿದ್ರೆ ತಲೆಗೆ ಹೋಗುದಿಲ್ಲೆ."

ಆಗ ದೀಪ್ತಿ ಕೋಣೆಯಿಂದ ಹೊರಬಂದು, "ಅಮ್ಮಾ, ಯಾರು ಬಂದದ್ದು?" ಎಂದಳು. ಶೇಖರ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ಚಾ ನೆತ್ತಿಗೇರಿ ಕೆಮ್ಮಲಾರಂಭಿಸಿದರು. ಬೆನ್ನಿಗೆ ತಟ್ಟಬೇಕಾಯಿತು. "ಹೆದರಬೇಡಿ ಮಾರಾಯ್ರೆ, ನಿಮ್ಮ ಮಾತು ಆ ಅತ್ತೆಗೆ ಮುಟ್ಟಿದೆ" ಎಂದೆ.

ನಗಾಡಿದೆನೇನೋ ಹೌದು. ಆದರೆ ಎರಡು ಬೇಸಿಗೆ! ನನ್ನ ಮನಸ್ಸಿಗೆ ನೋವಾದೀತು ಎಂದು ಇವರು ಎರಡು ಬೇಸಿಗೆ ಆ ತಗಡಿನ ಕೆಳಗೆ ಬೆಂದಿದ್ದಾರೆ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಬೆಂದಿದ್ದಾಳೆ ನನ್ನ ಮಗಳು.

"ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ನೀನು ಕೇಳ್ತಿದ್ಯಾ ಅಮ್ಮ?"

ಚಾ ತಟ್ಟೆಯನ್ನು ಅವಳ ಕೈಗೆ ಕೊಟ್ಟೆ.

ನೇರ ಉಮ್ಮ್ ಜಾಸಿಂ ಅವರ ಕೋಣೆಗೆ ಹೋದೆ. ಹೋಶ್ ಅವರದ್ದೂ ಹೌದಲ್ಲ, ಅವರು ಯಾಕೆ ಒಪ್ಪಿದರು? ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅವರು ನನ್ನನ್ನು ಕೂರಿಸಿ ಖರ್ಜೂರ ಕೊಟ್ಟರು. "ಪ್ರಶಾಂತ್ ಬಂದು, ನಮ್ಮ ಉಮ್ಮ್ ಹೀಗೆ ಹೇಳ್ತಾರೆ ಎಂದ. ಉಮ್ಮ್ ಹೇಳಿದ ಮೇಲೆ ಬೇಡ ಎನ್ನಲು ನಾನ್ಯಾರು?" ಎಂದರು.

ಹೋಶಿನ ಮೂಲೆಯಲ್ಲಿ ಮೊಂಡಾದ ಒಂದು ಕಾಂಡವನ್ನು ನಾನು ದಿನಾ ನೋಡುತ್ತಿದ್ದೆ, ಬಟ್ಟೆ ಒಣಗಿಸುವ ಕಂಬ ಎಂದುಕೊಂಡಿದ್ದೆ. ಅದು ಅವರು ನೆಟ್ಟ ಕಾಡುಬಾದಾಮಿ ಮರ. ನಮ್ಮ ಶಾಲೆಗಳ ಅಂಗಳದಲ್ಲಿ ಇರುತ್ತದಲ್ಲ, ಅದೇ. ಶೀಟು ಕೂರಿಸಲಿಕ್ಕೆ ಅದರ ತಲೆ ಕಡಿಯಬೇಕಾಯಿತಂತೆ. ಇದನ್ನು ಅವರು ಹೇಳಲಿಲ್ಲ, ನಾನು ಕೆದಕಿ ಕೆದಕಿ ತಿಳಿದದ್ದು. ನಾನು ಅತ್ತೇಬಿಟ್ಟೆ. ಅವರು ನನ್ನ ಕೈ ಹಿಡಿದು, "ಬೇರು ಉಂಟಲ್ಲ ಉಮ್ಮ್ ದೀಪ್ತಿ, ಅಳಬೇಡ" ಎಂದರು. ಆಮೇಲೆ ನನ್ನ ಕಣ್ಣು ಒರೆಸಿದ್ದು ಅವರದೇ ಕಪ್ಪು ಶಾಲಿನ ತುದಿಯಿಂದ.

ಹೋಶ್

ಪ್ರಶಾಂತ್ ಬಂದ ಕೂಡಲೇ "ಶೀಟು ತೆಗೆಸಿ" ಎಂದೆ. ಅವರು ಹೆಂಡತಿಯ ಮುಖ ನೋಡಿದರು, ಏನೋ ಪರೀಕ್ಷೆ ಇದು ಎಂಬ ಹಾಗೆ. "ಇರಲಿ ಅತ್ತೆ, ಪರವಾಗಿಲ್ಲ..." ಎಂದು ಶುರುಮಾಡಿದರು. "ಪರವಾಗಿ ಉಂಟು!" ಎಂದೆ. ಪ್ರಶಾಂತ್ ಏಜೆಂಟರ ಕೈಕಾಲು ಹಿಡಿದು ಇನ್ನೊಂದು ದಿನದ ಗಡುವು ಪಡೆದರು. ಭಾನುವಾರ ಸಂಜೆ ಅಂದರೆ ಸಂಜೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದರಂತೆ ಅವರು.

ಬೇಸಿಗೆಯಲ್ಲಿ ನಡುಮಧ್ಯಾಹ್ನ ಹೊರಗೆ ಕೆಲಸ ಮಾಡಿಸುವ ಹಾಗಿಲ್ಲ, ಅಲ್ಲಿ ಕಾನೂನೇ ಹಾಗೆ. ಹಾಗಾಗಿ ಭಾನುವಾರ ಬೆಳಕು ಹರಿಯುವ ಹೊತ್ತಿಗೇ ಶೇಖರ ಮೂರು ಜನರನ್ನು ಕರೆದುಕೊಂಡು ಬಂದರು. ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದರು ಪಾಪ. ಬೋಲ್ಟುಗಳು ತುಕ್ಕು ಹಿಡಿದು ಬಿಗಿಯಾಗಿದ್ದವು. ಒಂದೊಂದು ಶೀಟು ಸರಿದಾಗಲೂ ನೆಲದ ಮೇಲೆ ಒಂದೊಂದು ಚೌಕ ಬೆಳಕು. ಉಮ್ಮ್ ಜಾಸಿಂ ಕುರ್ಚಿ ಹಾಕಿ ಕೂತು, ಇದು ಹೀಗೆ ಹಿಡಿ, ಅದು ಹಾಗೆ ಇಳಿಸು ಎಂದು ಅರಬ್ಬಿಯಲ್ಲಿ ಆಜ್ಞೆ ಕೊಡುತ್ತಿದ್ದರು. ನಾನು ಬಿದ್ದ ಬೋಲ್ಟುಗಳನ್ನು ಹೆಕ್ಕಿದೆ, ಅಷ್ಟೇ. ಒಂಬತ್ತು ಗಂಟೆಗೆ ಮೇಲೆ ನೋಡಿದರೆ ಬರೀ ಆಕಾಶ.

ಪೂರ್ತಿ ಬಿಸಿಲು ಬೀಳದ ಹಾಗೆ ಅರ್ಧ ಹೋಶಿಗೆ ಹಸಿರು ನೆರಳುಬಲೆ ಕಟ್ಟಿದರು, ನಮ್ಮಲ್ಲಿ ನರ್ಸರಿ ಗಿಡಗಳಿಗೆ ಕಟ್ಟುವಂಥದ್ದು, ತಂತಿಯ ಮೇಲೆ ಪರದೆಯ ಹಾಗೆ ಸರಿಸಬಹುದು. ಎ.ಸಿ.ಯ ಹೊರಪೆಟ್ಟಿಗೆಯ ಮೇಲೆ ಮಾತ್ರ ಏನೂ ಇಲ್ಲ. "ಇನ್ನು ಅದು ಉಗುಳಲಿ, ಆಕಾಶ ದೊಡ್ಡದುಂಟು" ಎಂದರು ಶೇಖರ.

ಸೆಖೆ ಹೋಯಿತಾ? ಎಲ್ಲಿ ಹೋಗುತ್ತದೆ! ಹೊರಗೆ ಹೋಶಿನಲ್ಲಿ ಬರಿಗಾಲಲ್ಲಿ ನಿಂತರೆ ಕುಣಿಯಬೇಕು. ಆದರೆ ಬೆಂದ ಗಾಳಿ ನಿಂತಲ್ಲೇ ನಿಲ್ಲುತ್ತಿರಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಮಗುವಿನ ಕೋಣೆಯಲ್ಲಿ ಕೂತೆವು. ದೀಪ್ತಿ ಮಂಚದ ಮೇಲೆ, ಅಲ್ಲಿ ಭಾನುವಾರ ಕೆಲಸದ ದಿನವಾದ್ದರಿಂದ ರಜೆ ಹಾಕಿದ ಪ್ರಶಾಂತ್ ನೆಲದ ಮೇಲೆ, ಉಮ್ಮ್ ಜಾಸಿಂ ಜಪಮಣಿ ಎಣಿಸುತ್ತಾ, ಶೇಖರ ಬಾಗಿಲಲ್ಲಿ. ಎಲ್ಲರ ಕಣ್ಣೂ ಎ.ಸಿ.ಯ ಮೇಲೆ. ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ನಾನು ಇಷ್ಟು ಎದೆ ಹೊಡೆದುಕೊಂಡು ಕಾದವಳಲ್ಲ. ಎರಡು ಗಂಟೆಯಾಯಿತು. ಎ.ಸಿ. ಓಡುತ್ತಿತ್ತು. ಎರಡೂವರೆ. ಒಮ್ಮೆ ಅದರ ಸದ್ದು ಬದಲಾಯಿತು, ದೀಪ್ತಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಮತ್ತೆ ಮೊದಲಿನಂತೆ ಓಡಿತು. ಮೂರು. ಮೂರೂವರೆ. ಮಗು ಒಂದು ತೆಳು ಅಂಗಿಯಲ್ಲಿ ಕೈಕಾಲು ಚಾಚಿ ಹಾಯಾಗಿ ನಿದ್ದೆ ಹೋಗಿತ್ತು. ನಾಲ್ಕಾದಾಗ ಶೇಖರ ಎದ್ದು, "ಇನ್ ನಿಲ್ಲುದಿಲ್ಲೆ" ಎಂದರು. ಉಮ್ಮ್ ಜಾಸಿಂ ಎರಡೂ ಕೈ ಮೇಲೆತ್ತಿ ದೇವರನ್ನು ಸ್ಮರಿಸಿದರು. ನಾನೂ ನಮ್ಮ ದೇವರಿಗೆ ಕೈ ಮುಗಿದೆ.

ಅಷ್ಟರಲ್ಲಿ ಪ್ರಶಾಂತರ ಫೋನು ರಿಂಗಾಯಿತು. ಏಜೆಂಟರು. ಪ್ರಶಾಂತ್ ಫೋನು ಕೈಯಲ್ಲಿ ಹಿಡಿದು, ಅಭ್ಯಾಸ ನೋಡಿ, ನನ್ನ ಮುಖ ನೋಡಿದರು.

"ನನ್ನನ್ನು ಎಂತ ನೋಡುವುದು ಪ್ರಶಾಂತ್? ನಾನು ನಲ್ವತ್ತು ದಿನ ಕಳೆದರೆ ಹೋಗುವವಳು. ಇಲ್ಲಿ ಇರುವವರು ನೀವು" ಎಂದೆ.

ಫೋನು ರಿಂಗಾಗುತ್ತಲೇ ಇತ್ತು. ದೀಪ್ತಿ ಮಂಚದಿಂದಲೇ ಕೈ ಚಾಚಿ ಗಂಡನ ಕೈಯಿಂದ ಅದನ್ನು ತೆಗೆದುಕೊಂಡಳು. "ನಮಗೆ ಫ್ಲ್ಯಾಟ್ ಬೇಡ. ಹೌದು, ಯೋಚನೆ ಮಾಡಿಯೇ ಹೇಳುವುದು. ನಾವು ಇದೇ ಮನೆಯಲ್ಲಿ ಇರ್ತೇವೆ" ಎಂದು ಹೇಳಿ ಫೋನಿಟ್ಟಳು. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವಳೂ ನನ್ನನ್ನು ಕೇಳಲಿಲ್ಲ.